ಎಲುಬು ಕೈಗೆ ಸಿಗಬೇಕು: ಸಾಕುನಾಯಿ, ಬೆಕ್ಕಿನ ತೂಕದ ಬಗ್ಗೆ ನಮ್ಮ ತಪ್ಪು ಲೆಕ್ಕ

ಕಲಬುರಗಿಯ ಅಪ್ಪನ ಕೆರೆಯ ಸುತ್ತ ಬೆಳಿಗ್ಗೆ ನಾಯಿ ಹಿಡಿದುಕೊಂಡು ಓಡಾಡುವವರಿಗೆ ಒಂದು ಮಾತು ಹೊಸದಲ್ಲ. ನಾಯಿಯ ಸೊಂಟ ಸ್ವಲ್ಪ ಸಣ್ಣಗೆ ಕಂಡರೆ ಸಾಕು, ಯಾರಾದರೂ ನಿಂತು ಕೇಳುತ್ತಾರೆ: "ಯಾಕ್ರೀ, ನಾಯಿ ಹಿಂಗ್ಯಾಕ ಸೊರಗ್ಯಾದ? ಊಟಾ ಹಾಕಲ್ರೇನು?" ಅದೇ ದಾರಿಯಲ್ಲಿ ಏದುಸಿರು ಬಿಡುತ್ತಾ, ಹೊಟ್ಟೆ ಅಲ್ಲಾಡಿಸುತ್ತಾ ಬರುವ ಲ್ಯಾಬ್ರಡಾರ್‌ಗೆ ಮೆಚ್ಚುಗೆ ಸಿಗುತ್ತದೆ: "ಏನ್ ಛಂದ್ ಬೆಳೆಸೀರಿ!"

ಆರೋಗ್ಯವಾಗಿರುವ ನಾಯಿ ನಮ್ಮ ಕಣ್ಣಿಗೆ ಉಪವಾಸ ಬಿದ್ದ ನಾಯಿ. ಬೊಜ್ಜು ಬಂದ ನಾಯಿ ಗಟ್ಟಿಮುಟ್ಟಾದ ನಾಯಿ. ಜನರಿಗೆ ಮಾಹಿತಿ ಇಲ್ಲ, ಅದಕ್ಕೇ ಹೀಗೆ ಎಂದು ಹೇಳಿ ಮುಗಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಇದರಲ್ಲಿ ಮನೆಯ ಮರ್ಯಾದೆಯ ಪ್ರಶ್ನೆಯೇ ಜಾಸ್ತಿ. ಇದು ಬರ ಕಂಡ ಸೀಮೆ. 1972ರ ಬರವನ್ನು ನೆನೆಯುವ ಹಿರಿಯರು ಕಲಬುರಗಿ, ಬೀದರ್, ಯಾದಗಿರಿಯ ಊರುಗಳಲ್ಲಿ ಇನ್ನೂ ಇದ್ದಾರೆ. ಮೈ ತುಂಬಿಕೊಂಡಿದ್ದರೆ ಉಂಡ ಮನೆ, ಎಲುಬು ಕಂಡರೆ ಕೈ ಬಿಗಿ ಇರುವ ಮನೆ ಎಂಬ ಲೆಕ್ಕ ಅಲ್ಲಿಂದ ಬಂದದ್ದು. ಮಕ್ಕಳನ್ನು ನೋಡುವಾಗ ಬಳಸುವ ಈ ಲೆಕ್ಕವನ್ನೇ ನಾಯಿಗೂ ಬಳಸುತ್ತೇವೆ.

ಇದರ ಜೊತೆಗೆ ಬೀದಿ ನಾಯಿ ಇದೆ. ಸೂಪರ್ ಮಾರ್ಕೆಟ್ ಹತ್ತಿರ ಕಸದ ರಾಶಿ ಕೆದಕುವ ನಾಯಿಯನ್ನು ದಿನಾ ನೋಡುತ್ತೇವೆ. ದುಡ್ಡು ಕೊಟ್ಟು ತಂದು ಸಾಕಿದ ನಾಯಿ ಹಾಗೆ ಕಾಣಬಾರದು ಅಲ್ವಾ? ಆದರೆ ಎಲ್ಲ ಬೀದಿ ನಾಯಿಗಳೂ ಹಸಿದು ಸೊರಗಿದವಲ್ಲ. ಓಣಿಯಲ್ಲಿ ನಾಲ್ಕು ಮನೆಯವರು ಅನ್ನ ಹಾಕುವ, ದಿನವಿಡೀ ಅಡ್ಡಾಡುವ ಎಷ್ಟೋ ಬೀದಿ ನಾಯಿಗಳ ಮೈಕಟ್ಟು ಸೋಫಾದ ಮೇಲಿನ ನಾಯಿಗಿಂತ ಚೆನ್ನಾಗಿರುತ್ತದೆ. ಇದನ್ನು ಹೇಳಿದರೆ ಸಾಕಿದವರಿಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ.

ಹಾಗಾದರೆ ಸರಿಯಾದ ಮೈ ಹೇಗಿರಬೇಕು? ಪಶುವೈದ್ಯರು ಬಳಸುವ ಒಂದು ಅಳತೆ ಇದೆ. 1ರಿಂದ 9ರವರೆಗೆ ಅಂಕ. 1 ಎಂದರೆ ಚರ್ಮ ಎಲುಬಿಗೆ ಅಂಟಿದ ಸ್ಥಿತಿ, 9 ಎಂದರೆ ವಿಪರೀತ ಬೊಜ್ಜು. ನಾಯಿಗೆ 4 ಅಥವಾ 5, ಬೆಕ್ಕಿಗೆ 5 ಸರಿಯಾದ ಅಂಕ. 5ರ ಮೇಲೆ ಒಂದೊಂದು ಅಂಕ ಏರಿದಂತೆ ಇರಬೇಕಾದ ತೂಕಕ್ಕಿಂತ ಸುಮಾರು 10ರಿಂದ 15 ಶೇಕಡಾ ಜಾಸ್ತಿ ಎಂದು ಲೆಕ್ಕ. ಇದಕ್ಕೆ ಯಂತ್ರ ಬೇಡ. ಮೂರು ಕಡೆ ಗಮನಿಸಿದರೆ ಆಯಿತು. ನಾಯಿಯನ್ನು ನಿಲ್ಲಿಸಿ ಮೇಲಿನಿಂದ ನೋಡಿ. ಪಕ್ಕೆಲುಬು ಮುಗಿದ ಮೇಲೆ ಸೊಂಟ ಒಳಕ್ಕೆ ಹೋಗಬೇಕು. ಪಕ್ಕದಿಂದ ನೋಡಿ. ಎದೆಗಿಂತ ಹೊಟ್ಟೆ ಮೇಲಕ್ಕೆ ಎದ್ದಿರಬೇಕು. ಕೊನೆಗೆ ಪಕ್ಕೆಯ ಮೇಲೆ ಕೈಯಾಡಿಸಿ. ಒತ್ತದೆ, ಸುಮ್ನೆ ಸವರಿದರೆ ಒಂದೊಂದು ಎಲುಬೂ ಬೆರಳಿಗೆ ಸಿಗಬೇಕು.

ಎಷ್ಟು ಸಿಗಬೇಕು ಎಂಬ ಅನುಮಾನವಿದ್ದರೆ ನಿಮ್ಮ ಕೈಯನ್ನೇ ಮುಟ್ಟಿ ನೋಡಿ. ಮುಷ್ಟಿ ಹಿಡಿದು ಗೆಣ್ಣಿನ ಮೇಲೆ ಬೆರಳು ಎಳೆಯಿರಿ. ಪಕ್ಕೆಲುಬು ಅಷ್ಟು ಚೂಪಾಗಿ ಸಿಕ್ಕರೆ ನಾಯಿ ಸೊರಗಿದೆ. ಕೈ ಬಿಡಿಸಿ, ಅಂಗೈ ಕೆಳಗೆ ಮಾಡಿ, ಹಿಂಗೈ ಮೇಲೆ ಬೆರಳಾಡಿಸಿ. ಹಾಗೆ ಸಿಕ್ಕರೆ ಸರಿ ಇದೆ. ಅಂಗೈಯ ದಪ್ಪ ಭಾಗ ಮುಟ್ಟಿದ ಹಾಗೆ, ಒತ್ತಿದರೆ ಮಾತ್ರ ಎಲುಬು ಗೊತ್ತಾದರೆ ಬೊಜ್ಜು ಬಂದಿದೆ. ಸ್ಪಿಟ್ಜ್, ಪರ್ಷಿಯನ್ ಬೆಕ್ಕಿನಂಥ ಕೂದಲು ತುಂಬಿದ ಪ್ರಾಣಿಗಳಲ್ಲಿ ಕಣ್ಣನ್ನು ನಂಬಲೇಬೇಡಿ. ಸ್ನಾನ ಮಾಡಿಸುವಾಗ ಮೈ ಒದ್ದೆಯಾದಾಗ ಒಳಗಿನ ಆಕಾರ ತಿಳಿಯುತ್ತದೆ.

ವಿಚಿತ್ರ ಎಂದರೆ ಈ ವಿದ್ಯೆ ನಮ್ಮ ಭಾಗದ ರೈತರಿಗೆ ಹೊಸದೇ ಅಲ್ಲ. ಬೀದರ್ ಜಿಲ್ಲೆ ದೇವಣಿ ತಳಿಯ ಸೀಮೆ. ದನದ ಸಂತೆಯಲ್ಲಿ ದೇವಣಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ, ಬೆನ್ನು, ಪಕ್ಕೆ, ಬಾಲದ ಬುಡದ ಮೇಲೆ ಕೈಯಾಡಿಸುತ್ತಾನೆ. ಮಾರುವವನು ಹಿಂದಿನ ದಿನ ಹೊಟ್ಟೆ ತುಂಬ ನೀರು ಕುಡಿಸಿ ತಂದಿದ್ದರೂ ಆ ಕೈಗೆ ಗೊತ್ತಾಗುತ್ತದೆ. ಪಶುವೈದ್ಯಕೀಯದಲ್ಲಿ ದನಕ್ಕೂ ಇದೇ ಬಗೆಯ ಅಂಕ ಇದೆ, ಅಲ್ಲಿ 1ರಿಂದ 5. ಎತ್ತು ಗಳೆ ಹೊಡೆಯಬೇಕು, ಅದಕ್ಕೆ ಬೊಜ್ಜು ಬಂದರೆ ಕೆಲಸಕ್ಕಾಗದು ಎಂದು ಅಜ್ಜನಿಗೆ ಗೊತ್ತಿತ್ತು. ಮೊಮ್ಮಗನ ನಾಯಿಗೆ ಕೆಲಸವೇ ಇಲ್ಲ. ಹಾಗಾಗಿ ದಪ್ಪ ಆದರೆ ಯಾರಿಗೂ ನಷ್ಟ ಕಾಣುವುದಿಲ್ಲ.

ಮುಧೋಳ ನಾಯಿಯ ಪಾಡು ಇನ್ನೂ ಬೇರೆ. ಬಾಗಲಕೋಟೆ ಜಿಲ್ಲೆಯ ಈ ತಳಿಗೆ ಬೀದರ್ ನಂಟೂ ಇದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರ ನಡೆಯುವುದು ಬೀದರ್‌ನ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರ ಹಾಕಿ ಅಂಚೆಚೀಟಿ ತಂದಿತು. ಸೇನೆಯೂ ಇದಕ್ಕೆ ತರಬೇತಿ ಕೊಟ್ಟಿತು. ಇಷ್ಟೆಲ್ಲ ಹೆಸರಾದ ಮೇಲೆ ನಮ್ಮ ಊರುಗಳಲ್ಲೂ ಮರಿ ತಂದು ಸಾಕುವವರು ಹೆಚ್ಚಾದರು. ಇದು ಮೊಲದ ಬೆನ್ನು ಹತ್ತಿ ಓಡುವ ಬೇಟೆ ನಾಯಿ. ಎದೆ ಆಳ, ಸೊಂಟ ಹಿಡಿಯಷ್ಟು, ಹೊಟ್ಟೆ ಬೆನ್ನಿಗೆ ಹತ್ತಿದಂತಿರುತ್ತದೆ. ಕೊನೆಯ ಕೆಲವು ಪಕ್ಕೆಲುಬು, ಸೊಂಟದ ಎಲುಬು ಕಣ್ಣಿಗೆ ಕಂಡರೂ ಅದಕ್ಕೆ ಅದೇ ಸರಿ. ಆದರೆ ನೋಡಿದವರೆಲ್ಲ ಕನಿಕರ ತೋರಿಸುತ್ತಾರೆ. ಕೆಲವರು ಹಾಲು, ಮೊಟ್ಟೆ, ಟಾನಿಕ್ ಹಾಕಿ 'ಸರಿ' ಮಾಡುತ್ತಾರೆ. ಸೊಂಟ ಹೋದ ಮುಧೋಳ ನಾಯಿಯನ್ನು ಕಂಡರೆ ನನಗೆ ಕನಿಕರ ಬರುತ್ತದೆ.

ಕಣ್ಣು ಕೆಡುವುದು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಭಾಗವಹಿಸಿದ ನಾಯಿಗಳ 1,120 ಫೋಟೋ ಆರಿಸಿ, ಮೈಕಟ್ಟು ಗೊತ್ತಾಗುವ 960ಕ್ಕೆ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಅಂಕ ಹಾಕಿದರು. ಬೊಜ್ಜು ಬರುವ ಸ್ವಭಾವದ 14 ತಳಿ, ಹಾಗಲ್ಲದ 14 ತಳಿ ಆರಿಸಿಕೊಂಡಿದ್ದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ 26 ಶೇಕಡಾ ನಾಯಿಗಳ ತೂಕ ಜಾಸ್ತಿ ಇತ್ತು. ಪಗ್‌ಗಳಲ್ಲಿ ಅದು 80 ಶೇಕಡಾ. ಇವು ಬಹುಮಾನಕ್ಕೆಂದು ತಯಾರಾಗಿ ಬಂದ ನಾಯಿಗಳು. ಅವುಗಳ ಫೋಟೋ, ವಿಡಿಯೊ ನೋಡಿ ನಾವು 'ಪಗ್ ಅಂದ್ರೆ ಹೀಗಿರಬೇಕು' ಎಂದು ತೀರ್ಮಾನಿಸುತ್ತೇವೆ. ಪಗ್ ತಳಿಗೆ ಹೇಳಿರುವ ತೂಕ 6.3ರಿಂದ 8.1 ಕೆಜಿ. ನಿಮ್ಮ ಓಣಿಯ ಪಗ್ಗನ್ನು ಒಮ್ಮೆ ತೂಗಿ ನೋಡಿ.

ಹಾಗಂತ ತಳಿಯ ತೂಕದ ಪಟ್ಟಿಯನ್ನೇ ನಂಬಿ ಕೂರುವುದೂ ತಪ್ಪು. ಗಂಡು ಲ್ಯಾಬ್ರಡಾರ್ 29ರಿಂದ 36 ಕೆಜಿ ಎಂದು ಪಟ್ಟಿ ಹೇಳುತ್ತದೆ. ಸಣ್ಣ ಎಲುಬಿನ ಲ್ಯಾಬ್‌ಗೆ 35 ಕೆಜಿ ತೀರಾ ಜಾಸ್ತಿ. ಆದರೂ ಸಾಕಿದವರು 'ಪಟ್ಟಿಯ ಒಳಗೇ ಇದೆ' ಎಂದು ನಿಶ್ಚಿಂತರಾಗಿರುತ್ತಾರೆ. ನಮ್ಮಲ್ಲಿ ಶುದ್ಧ ತಳಿ ಎಂದು ಮಾರಿದ್ದರಲ್ಲಿ ಬೆರಕೆಯೂ ಇರುತ್ತದೆ, ಅದಕ್ಕೆ ಯಾವ ಪಟ್ಟಿ? ತೂಕದ ಅಂಕಿ ಬೇಕು, ಆದರೆ ಅದೇ ನಾಯಿಯ ಹೋದ ತಿಂಗಳ ತೂಕದ ಜೊತೆ ಹೋಲಿಸಲು ಬೇಕು. ಪಕ್ಕದ ಮನೆಯ ನಾಯಿಯ ಜೊತೆ ಹೋಲಿಸಲು ಅಲ್ಲ.

ಬೆಕ್ಕಿನ ವಿಷಯದಲ್ಲಿ ಜನ ಇನ್ನೂ ಸಲೀಸು. ದಪ್ಪ ಬೆಕ್ಕು ಎಲ್ಲರಿಗೂ ಮುದ್ದು. 4 ಕೆಜಿ ಇರಬೇಕಾದ ಬೆಕ್ಕು 5 ಕೆಜಿ ಆದರೆ "ಒಂದೇ ಕೆಜಿ ಅಲ್ರೀ" ಎನ್ನುತ್ತಾರೆ. 60 ಕೆಜಿಯ ಮನುಷ್ಯ 75 ಕೆಜಿ ಆದಂತೆ ಅದು. ಇನ್ನೊಂದು ಗೊಂದಲವೂ ಇದೆ. ಬೆಕ್ಕಿನ ಹಿಂಗಾಲಿನ ಮುಂದೆ ಹೊಟ್ಟೆಯ ಚರ್ಮ ಸಡಿಲವಾಗಿ ಜೋತು ಬಿದ್ದಿರುತ್ತದೆ, ಓಡುವಾಗ ಆಚೀಚೆ ತೂಗುತ್ತದೆ. ಇದು ಬೆಕ್ಕಿನ ಹುಟ್ಟುಗುಣ. ಸಣ್ಣ ಬೆಕ್ಕಿಗೂ ಇರುತ್ತದೆ. ಹಿಡಿದು ನೋಡಿದರೆ ಬರೀ ಚರ್ಮ ಸಿಕ್ಕರೆ ಚಿಂತೆ ಬೇಡ. ಒಳಗೆ ಗಟ್ಟಿಯಾಗಿ ತುಂಬಿಕೊಂಡಿದ್ದರೆ, ಜೊತೆಗೆ ಪಕ್ಕೆಲುಬೂ ಸಿಗದಿದ್ದರೆ ಅದು ಕೊಬ್ಬು. ಬೊಜ್ಜು ಬಂದ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಬೆನ್ನಿನ ಹಿಂಭಾಗ ನೆಕ್ಕಿಕೊಳ್ಳಲು ಆಗದೆ ಕೂದಲು ಗಂಟು ಕಟ್ಟುತ್ತದೆ. ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ.

ಮರಿಗಳ ಬಗ್ಗೆ ಒಂದೇ ಮಾತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಡುಮ್ಮ ಇದ್ದರೆ ಅದು ಚೆನ್ನಾಗಿ ತಿಂದ ಮರಿ ಅಲ್ಲ. ಬಹಳ ಸಲ ಅದು ಜಂತುಹುಳ. ಇನ್ನು ಜರ್ಮನ್ ಶೆಫರ್ಡ್, ಲ್ಯಾಬ್‌ನಂಥ ದೊಡ್ಡ ತಳಿಯ ಮರಿಯನ್ನು ಬೇಗ ಬೆಳೆಸಲು ಹೋಗಿ ಜಾಸ್ತಿ ತಿನ್ನಿಸಿದರೆ, ಸುಮ್ನೆ ಕ್ಯಾಲ್ಸಿಯಂ ಟಾನಿಕ್ ಹಾಕಿದರೆ ಕೀಲು, ಎಲುಬು ಕೆಡುತ್ತವೆ.

ದಪ್ಪ ಇದ್ದರೆ ಏನಾಯಿತು, ಖುಷಿಯಾಗಿದೆಯಲ್ಲ ಎನ್ನುವವರಿಗೆ ನಾನು ಹೇಳುವುದು 48 ಲ್ಯಾಬ್ರಡಾರ್‌ಗಳ ಕತೆ. ಸಾಕುಪ್ರಾಣಿಗಳ ಆಹಾರ ಮಾಡುವ ಪುರಿನಾ ಕಂಪನಿ ಅಮೆರಿಕದಲ್ಲಿ 1987ರಲ್ಲಿ ಶುರು ಮಾಡಿದ ಅಧ್ಯಯನ ಅದು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಊಟ, ಸಾಯುವವರೆಗೂ. ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಸ್ಸು, ಅಂದರೆ ಗುಂಪಿನ ಅರ್ಧ ನಾಯಿಗಳು ತೀರಿಕೊಂಡಿದ್ದ ವಯಸ್ಸು, 13 ವರ್ಷ. ಜಾಸ್ತಿ ತಿಂದ ಗುಂಪಿನದು 11.2 ವರ್ಷ. ಕೀಲುನೋವಿಗೆ ಔಷಧ ಬೇಕಾದದ್ದು ಕಡಿಮೆ ತಿಂದವಕ್ಕೆ ಸುಮಾರು ಮೂರು ವರ್ಷ ತಡವಾಗಿ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಜಾಸ್ತಿ ತಿಂದ ನಾಯಿಗಳೇನೂ ಉರುಳಾಡುವಷ್ಟು ದಪ್ಪ ಇರಲಿಲ್ಲ. ಅವುಗಳ ಸರಾಸರಿ ಅಂಕ 6.7. ಕಡಿಮೆ ತಿಂದವುಗಳದ್ದು 4.6. ನಮ್ಮ ಓಣಿಯಲ್ಲಿ 6.7 ಅಂಕದ ನಾಯಿಗೆ ಯಾರೂ ದಪ್ಪ ಎನ್ನುವುದಿಲ್ಲ. 'ಕರೆಕ್ಟ್ ಅದ' ಎನ್ನುತ್ತಾರೆ. ಆ 'ಕರೆಕ್ಟ್' ಎನ್ನುವ ಮೈಯೇ ಸುಮಾರು ಎರಡು ವರ್ಷ ಆಯುಸ್ಸು ತಿಂದದ್ದು.

ನಮ್ಮ ಬಿಸಿಲು ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಯ ಕಾವು ಇಳಿಸಿಕೊಳ್ಳಬೇಕು. ಚರ್ಮದ ಕೆಳಗಿನ ಕೊಬ್ಬು ಕಾವನ್ನು ಒಳಗೇ ಹಿಡಿದಿಡುತ್ತದೆ. ಕುತ್ತಿಗೆ, ಎದೆಯ ಸುತ್ತಲಿನ ಕೊಬ್ಬು ಉಸಿರಾಟಕ್ಕೆ ಅಡ್ಡ ಬರುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಉಸಿರಾಟ ಮೊದಲೇ ಕಷ್ಟ. ದಪ್ಪ ಪಗ್‌ಗೆ ನಮ್ಮ ಮೇ ತಿಂಗಳು ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ವಾಕಿಂಗ್ ನಿಲ್ಲುತ್ತದೆ, ಊಟ ಮಾತ್ರ ಅಷ್ಟೇ ಇರುತ್ತದೆ. ಜೂನ್ ಹೊತ್ತಿಗೆ ಎರಡು ಕೆಜಿ ಏರಿರುತ್ತದೆ. ಕೀಲು ಹಿಡಿದ ದಪ್ಪ ನಾಯಿ ನುಣ್ಣನೆ ಶಹಾಬಾದಿ ಪರ್ಸಿ ಕಲ್ಲಿನ ನೆಲದ ಮೇಲೆ ಏಳಲು ಹೆಣಗಾಡುವುದನ್ನು ಜನ 'ವಯಸ್ಸಾಯ್ತು' ಎಂದು ಬಿಟ್ಟುಬಿಡುತ್ತಾರೆ. ನಾಯಿಗೆ ಆಗಿರುವುದು ಏಳೇ ವರ್ಷ.

ಇಷ್ಟು ತೂಕ ಎಲ್ಲಿಂದ ಬರುತ್ತದೆ? "ನಾವು ಜಾಸ್ತಿ ಹಾಕಲ್ರೀ, ಎರಡೇ ಹೊತ್ತು" ಎನ್ನುತ್ತಾರೆ. ಸುಳ್ಳಲ್ಲ, ತಟ್ಟೆಗೆ ಹಾಕುವುದು ಎರಡೇ ಹೊತ್ತು. ಆದರೆ ಬೆಳಗಿನ ಚಹಾ ಹೊತ್ತಿಗೆ ಅಜ್ಜನ ಬಿಸ್ಕತ್ತು, ಶಾಲೆಗೆ ಹೋಗುವ ಹುಡುಗ ಬಿಟ್ಟ ಸೂಸ್ಲಾ, ಮಧ್ಯಾಹ್ನ ಅಜ್ಜಿ ಮುರಿದು ಹಾಕುವ ರೊಟ್ಟಿ, ಸಂಜೆ ಬಂದ ನೆಂಟರ ಕೈಯಿಂದ ಮಿಕ್ಸ್ಚರ್. ಇದನ್ನು ಯಾರೂ ಊಟ ಎಂದು ಎಣಿಸುವುದಿಲ್ಲ. 8 ಕೆಜಿಯ ಪಗ್‌ಗೆ ದಿನಕ್ಕೆ ಬೇಕಾದದ್ದು 450ರಿಂದ 500 ಕಿಲೊಕ್ಯಾಲರಿಯ ಆಸುಪಾಸು. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20ರ ಮೇಲೆ ಇರುತ್ತದೆ. ಐದು ಬಿಸ್ಕತ್ತು ಎಂದರೆ ದಿನದ ಐದನೇ ಒಂದು ಭಾಗ ಮುಗಿಯಿತು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 170ರ ಹತ್ತಿರ. ತಿಂಡಿ ತಿನಿಸು ದಿನದ ಒಟ್ಟು ಲೆಕ್ಕದ 10 ಶೇಕಡಾ ದಾಟಬಾರದು ಎನ್ನುತ್ತಾರೆ ವೈದ್ಯರು. ಆ ಪಗ್‌ಗೆ ಅದು ಎರಡು ಬಿಸ್ಕತ್ತು. ಉಳಿದ ತಹರಿ ಹಾಕುವವರಿಗೆ ಇನ್ನೊಂದು ಮಾತು: ಎಣ್ಣೆಯ ಮಾತು ಹಾಗಿರಲಿ, ಅದರೊಳಗಿನ ಉಳ್ಳಾಗಡ್ಡಿ ನಾಯಿ, ಬೆಕ್ಕು ಎರಡಕ್ಕೂ ವಿಷ.

ಬರೀ ರೊಟ್ಟಿ, ಅನ್ನ, ಹಾಲು ತಿಂದು ಬೆಳೆದ ನಾಯಿಯಲ್ಲಿ ಇನ್ನೊಂದು ತೊಡಕಿದೆ. ಮೈ ದಪ್ಪ, ಆದರೆ ಮಾಂಸಖಂಡ ಕಡಿಮೆ. ಪ್ರೋಟೀನ್ ಸಾಲದೆ ತೊಡೆ ಸಣ್ಣದಾಗಿ, ಹೊಟ್ಟೆ ಮಾತ್ರ ಬೆಳೆದಿರುತ್ತದೆ. ಮಾಂಸ ಒಳಗೆ ತರದ ಮನೆಯಲ್ಲಿ ನಾಯಿಗೆ ವೈದ್ಯರನ್ನು ಕೇಳಿ ಸಸ್ಯಾಹಾರವನ್ನು ಹೊಂದಿಸಬಹುದು. ಬೆಕ್ಕಿಗೆ ಆಗದು. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಹೆಚ್ಚಾಗಿ ಇರುವುದು ಮಾಂಸ, ಮೀನಿನಲ್ಲೇ.

"ಆದ್ರ ಅದು ಕೇಳ್ತದಲ್ರೀ, ಹಸಿವಾಗ್ಯದ" ಎನ್ನುವುದು ಕೊನೆಯ ವಾದ. ನಾಯಿ ಕೇಳುವುದೆಲ್ಲ ಹಸಿವಿನ ಲೆಕ್ಕ ಅಲ್ಲ. ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಲ್ಯಾಬ್ರಡಾರ್‌ಗಳಲ್ಲಿ ಒಂದು ಜೀನ್ ದೋಷ ಕಂಡುಹಿಡಿದರು. ಅವರು ನೋಡಿದ ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಅದು ಇತ್ತು. ಅಂಥ ನಾಯಿಗೆ ತಿಂಡಿಯ ಮೇಲಿನ ಆಸೆ ಉಳಿದವಕ್ಕಿಂತ ಜಾಸ್ತಿ. ಕಣ್ಣು ಪಿಳಿಪಿಳಿ ಬಿಟ್ಟು ಕೂತಿದೆ ಎಂದು ಹಾಕುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ನಾಯಿ ಊದಿಕೊಳ್ಳುತ್ತದೆ, ಅದಕ್ಕೇ ಬೇಡ ಎನ್ನುವವರೂ ಇದ್ದಾರೆ. ಅರ್ಧ ನಿಜ. ಆಪರೇಷನ್ ಆದ ಮೇಲೆ ದೇಹಕ್ಕೆ ಬೇಕಾದ ಶಕ್ತಿ 20ರಿಂದ 30 ಶೇಕಡಾ ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ತಟ್ಟೆಯಲ್ಲಿ ಅಷ್ಟು ಕಡಿಮೆ ಮಾಡಿದರೆ ಊದುವುದಿಲ್ಲ. ಹಾಗೆಯೇ ವಾಕಿಂಗ್ ಮೇಲೆ ಪೂರ್ತಿ ಭಾರ ಹಾಕಬೇಡಿ. ನಡಿಗೆಯಲ್ಲಿ ನಾಯಿಗೆ ಒಂದು ಕಿಲೋಮೀಟರಿಗೆ, ಒಂದು ಕೆಜಿ ತೂಕಕ್ಕೆ ಸ್ಥೂಲವಾಗಿ 1 ಕಿಲೊಕ್ಯಾಲರಿ ಖರ್ಚು. 30 ಕೆಜಿಯ ಲ್ಯಾಬ್ ಎರಡು ಕಿಲೋಮೀಟರ್ ನಡೆದರೆ ಮೂರು ಬಿಸ್ಕತ್ತು ಕರಗಿತು. ವಾಪಸ್ ಬಂದ ಕೂಡಲೇ ಚಹಾದಂಗಡಿ ಮುಂದೆ ನಾಲ್ಕು ಹಾಕುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ, ಸಣ್ಣ ಇರುವುದೆಲ್ಲ ಒಳ್ಳೆಯದು ಎಂದು ಓದಬೇಡಿ. ಸೊರಗುವುದು ರೋಗವೂ ಇರಬಹುದು. ಗುರುತು ಹಿಡಿಯಲು ಮಾಂಸಖಂಡ ನೋಡಿ. ತೊಡೆ ತುಂಬಿದ್ದು, ಬೆನ್ನುಮೂಳೆಯ ಎರಡೂ ಬದಿ ಗಟ್ಟಿಯಾಗಿದ್ದರೆ ನಾಯಿ ಸಪೂರ, ಅಷ್ಟೇ. ಬೆನ್ನಿನ ಎಲುಬು ಚೂಪಾಗಿ ಎದ್ದು, ತಲೆಯ ಎರಡೂ ಬದಿ ಗುಳಿ ಬಿದ್ದಿದ್ದರೆ ಅದು ಸೊರಗು. ನಮ್ಮ ಕಡೆ ಉಣ್ಣಿ ಹಾವಳಿ ಜಾಸ್ತಿ, ಅದರಿಂದ ಬರುವ ಜ್ವರ ನಾಯಿಯನ್ನು ಕೆಲವೇ ವಾರಗಳಲ್ಲಿ ಇಳಿಸುತ್ತದೆ. ಚೆನ್ನಾಗಿ ತಿಂದು, ಜಾಸ್ತಿ ನೀರು ಕುಡಿದೂ ತೂಕ ಇಳಿಯುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಊಟ ಕಡಿಮೆ ಇದ್ದೂ ದಪ್ಪ ಆಗುತ್ತಿರುವ, ಸದಾ ಮಂಕಾಗಿರುವ ನಾಯಿಗೆ ಥೈರಾಯ್ಡ್ ನೋಡಬೇಕಾಗುತ್ತದೆ.

ಇಳಿಸುವುದು ನಿಧಾನದ ಕೆಲಸ. ನಾಯಿಗೆ ವಾರಕ್ಕೆ 1ರಿಂದ 2 ಶೇಕಡಾ ಸಾಕು. 36 ಕೆಜಿಯ ಲ್ಯಾಬ್ 30ಕ್ಕೆ ಬರಲು ನಾಲ್ಕು ತಿಂಗಳು ಹಿಡಿದರೂ ಸರಿ. ಮೊದಲು ಒಂದು ಡಬ್ಬಿ ಇಡಿ. ದಿನಕ್ಕೆ ಎಷ್ಟು ಎಂದು ತೂಗಿ ಬೆಳಿಗ್ಗೆಯೇ ತುಂಬಿ. ಅಜ್ಜ, ಅಜ್ಜಿ, ಮಕ್ಕಳು ಯಾರೇ ಹಾಕಿದರೂ ಅದರಿಂದಲೇ ಹಾಕಲಿ. ಹೀಗೆ ಮಾಡಿದರೆ ಜಗಳವೂ ಆಗುವುದಿಲ್ಲ, ಅಜ್ಜಿಯ ಕೈಯೂ ನಿಲ್ಲುವುದಿಲ್ಲ. ತೂಕಕ್ಕೆ ಮನೆಯಲ್ಲಿ ಯಂತ್ರ ಇದ್ದರೆ ನಾಯಿಯನ್ನು ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯಿರಿ. ಎತ್ತಲಾಗದ ನಾಯಿಗೆ ಗಂಜಿನ (ಕಾಳುಕಡ್ಡಿ ಮಾರುಕಟ್ಟೆಯ) ಕಡೆ ಪರಿಚಯದ ಅಂಗಡಿಯ ತೂಕದ ಯಂತ್ರ ಇದ್ದೇ ಇದೆ. ತೊಗರಿ ಚೀಲ ತೂಗುವ ಯಂತ್ರಕ್ಕೆ ಲ್ಯಾಬ್ ಯಾವ ಲೆಕ್ಕ.

ಬೆಕ್ಕಿಗೆ ಮಾತ್ರ ಉಪವಾಸ ಹಾಕಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಕೊಬ್ಬು ಪಿತ್ತಜನಕಾಂಗಕ್ಕೆ ಸೇರಿ ಜೀವಕ್ಕೆ ಕುತ್ತು ತರಬಹುದು. ಅದರ ತೂಕ ಇಳಿಸುವುದಾದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಲಸಿಕೆ ಹಾಕಿಸಲು ಹೋದಾಗ ಕಾರ್ಡಿನಲ್ಲಿ ತೂಕದ ಜೊತೆ ಮೈಕಟ್ಟಿನ ಅಂಕವನ್ನೂ ಬರೆದುಕೊಡಿ ಎಂದು ಕೇಳಿ. ಎಷ್ಟೋ ಕಡೆ ನಾವು ಕೇಳದಿದ್ದರೆ ಬರೆಯುವುದಿಲ್ಲ. ಸಾಕಿದವರಿಗೆ ಬೇಜಾರಾಗುತ್ತದೆ ಎಂದು ವೈದ್ಯರೂ ದಪ್ಪದ ಮಾತು ಎತ್ತಲು ಹಿಂಜರಿಯುತ್ತಾರೆ.